ವಿಂಡೋಸ್, ಲಿನಕ್ಸ್ ಎರಡೂ ಇರುವ ಕಂಪ್ಯೂಟರ್ ಬೂಟ್ ಆಗದಿದ್ದಾಗ: ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ ಮಾಡಬೇಕಾದ ಕೆಲಸಗಳು

ಹುಬ್ಬಳ್ಳಿ, ಧಾರವಾಡ, ಗದಗದ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: 'ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಇವೆ. ಇದ್ದಕ್ಕಿದ್ದಂತೆ ಕಪ್ಪು ಪರದೆ ಬಂದು ನಿಂತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಿದ್ದಾರೆ. ಒಪ್ಪಲೇ?'

ಒಪ್ಪಬೇಡಿ, ಕನಿಷ್ಠ ಈ ಲೇಖನ ಓದಿ ಮುಗಿಸುವವರೆಗೆ. ಬೂಟ್ ಆಗದೆ ನಿಂತ ಯಂತ್ರಗಳಲ್ಲಿ ಬಹುಪಾಲು ನಿಮ್ಮ ಕಡತಗಳು ಇದ್ದಲ್ಲೇ ಸುರಕ್ಷಿತವಾಗಿರುತ್ತವೆ. ಕೆಟ್ಟಿರುವುದು ಕೆಲವೇ ಮೆಗಾಬೈಟ್ ಗಾತ್ರದ ಬೂಟ್‌ಲೋಡರ್, ಅಥವಾ ಅದನ್ನು ಹುಡುಕುವ ಒಂದು ಪಟ್ಟಿ. ಅಷ್ಟನ್ನು ಸರಿಪಡಿಸಲು ಇಡೀ ಡಿಸ್ಕನ್ನು ಅಳಿಸಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಇಂಥ ಜೋಡಿ ವ್ಯವಸ್ಥೆಯ ಯಂತ್ರಗಳು ಹೆಚ್ಚಲು ಕಾರಣಗಳಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಕೆಲಸಕ್ಕೆ ಲಿನಕ್ಸ್ ಬೇಕು. ಮುದ್ರಣಾಲಯದವರಿಗೆ ಹಳೆಯ ವಿನ್ಯಾಸ ತಂತ್ರಾಂಶ ಮತ್ತು ನುಡಿ ಅಕ್ಷರಗಳಿಗಾಗಿ ವಿಂಡೋಸ್ ಬಿಡುವಂತಿಲ್ಲ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರದೂ ಅದೇ ಪಾಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ, ವಿಂಡೋಸ್ 11 ಹಾಕಲಾಗದ ಹಳೆಯ ಯಂತ್ರಗಳಿದ್ದವರು ಪಕ್ಕದಲ್ಲಿ ಲಿನಕ್ಸ್ ಹಾಕಿಸಿಕೊಳ್ಳತೊಡಗಿದರು. ಎರಡೂ ಒಂದೇ ಡಿಸ್ಕ್‌ನಲ್ಲಿ ನೆಮ್ಮದಿಯಾಗಿ ಇರಬಲ್ಲವು. ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ತಿಳಿಯುವುದೊಂದೇ ಕಷ್ಟ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪತ್ತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸ್ವಿಚ್ ಒತ್ತಿದ ಮೇಲೆ ಒಳಗೆ ನಡೆಯುವುದೇನು?

ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್ ಚಿಪ್‌ನಲ್ಲಿರುವ ಚಿಕ್ಕ ತಂತ್ರಾಂಶ. ರೂಢಿಯಲ್ಲಿ ಎಲ್ಲರೂ ಅದನ್ನು ಬಯಾಸ್ ಎನ್ನುತ್ತಾರೆ. ಇತ್ತೀಚಿನ ಯಂತ್ರಗಳಲ್ಲಿ ಅದರ ಹೊಸ ರೂಪವಾದ ಯುಇಎಫ್‌ಐ ಇರುತ್ತದೆ. ಅದು ಡಿಸ್ಕ್‌ನಲ್ಲಿರುವ ಬೂಟ್‌ಲೋಡರನ್ನು ಹುಡುಕಿ ಕೆಲಸ ಒಪ್ಪಿಸುತ್ತದೆ. ಬೂಟ್‌ಲೋಡರ್ ಎಂದರೆ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವ ಕಾರ್ಯಕ್ರಮ. ವಿಂಡೋಸ್‌ನದು ವಿಂಡೋಸ್ ಬೂಟ್ ಮ್ಯಾನೇಜರ್; ಲಿನಕ್ಸ್‌ನದು ಸಾಮಾನ್ಯವಾಗಿ ಗ್ರಬ್. ಬೂಟ್‌ಲೋಡರ್ ಕರ್ನೆಲನ್ನು, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳನ್ನು, ಮೆಮೊರಿಗೆ ತರುತ್ತದೆ. ಕರ್ನೆಲ್ ತನಗೆ ಬೇಕಾದ ಪಾರ್ಟಿಶನ್‌ಗಳನ್ನು ಜೋಡಿಸಿಕೊಂಡು ಲಾಗಿನ್ ಪರದೆ ತೋರಿಸುತ್ತದೆ. ಪಾರ್ಟಿಶನ್ ಎಂದರೆ ಡಿಸ್ಕ್‌ನ ಒಂದು ಪಾಲು. ವಿಂಡೋಸ್‌ನಲ್ಲಿ ಸಿ, ಡಿ ಎಂದು ಕಾಣುವುದು ಇವೇ.

ಹಳೆಯ ಬಯಾಸ್ ಪದ್ಧತಿಯಲ್ಲಿ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳಲ್ಲಿ 446 ಬೈಟ್‌ಗಳು ಮಾತ್ರ ಬೂಟ್ ಸಂಕೇತಕ್ಕೆ ಮೀಸಲು. ಈ 512 ಬೈಟ್‌ಗಳ ಭಾಗಕ್ಕೆ ಎಂಬಿಆರ್ ಎಂದು ಹೆಸರು. ಅಲ್ಲಿ ಒಬ್ಬರಿಗೇ ಜಾಗ. ಹಾಗಾಗಿ ಲಿನಕ್ಸ್ ಇದ್ದ ಡಿಸ್ಕ್‌ಗೆ ನಂತರ ವಿಂಡೋಸ್ ಹಾಕಿದರೆ ಗ್ರಬ್ ಅಳಿಸಿಹೋಗುತ್ತದೆ.

ಯುಇಎಫ್‌ಐ ಪದ್ಧತಿಯಲ್ಲಿ ಹಾಗಲ್ಲ. ಇಎಫ್‌ಐ ಪಾರ್ಟಿಶನ್ ಎಂಬ ಪುಟ್ಟ ಪಾಲು ಇರುತ್ತದೆ. ವಿಂಡೋಸ್ ತಾನೇ ಮಾಡಿಕೊಂಡಿದ್ದರೆ ಸಾಮಾನ್ಯವಾಗಿ 100 ಮೆಗಾಬೈಟ್, ಕಂಪನಿಯಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕಿಂತ ದೊಡ್ಡದು. ಫ್ಯಾಟ್32 ಮಾದರಿಯ ಈ ಪಾಲಿನಲ್ಲಿ ಮೈಕ್ರೋಸಾಫ್ಟ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಎಂದು ಬೇರೆ ಬೇರೆ ಫೋಲ್ಡರ್‌ಗಳು ಅಕ್ಕಪಕ್ಕ ಇರುತ್ತವೆ. ಯಾವುದನ್ನು ಮೊದಲು ಎಬ್ಬಿಸಬೇಕು ಎಂಬ ಪಟ್ಟಿ ಮದರ್‌ಬೋರ್ಡ್‌ನ ನೆನಪಿನಲ್ಲಿರುತ್ತದೆ. ಆದ್ದರಿಂದ ವಿಂಡೋಸ್ ಅಪ್‌ಡೇಟ್ ಆದ ಮೇಲೆ 'ಲಿನಕ್ಸ್ ಮಾಯವಾಯಿತು' ಎಂದು ಗಾಬರಿಯಾದವರಿಗೆ ನಾನು ಮೊದಲು ಹೇಳುವ ಮಾತು: ಪಟ್ಟಿಯಲ್ಲಿ ಅದು ಕೆಳಗೆ ಸರಿದಿರಬಹುದು, ನೋಡಿ.

ಕೈಯಲ್ಲಿ ಇರಬೇಕಾದವು

ಕನಿಷ್ಠ 8 ಗಿಗಾಬೈಟ್‌ನ ಒಂದು ಪೆನ್‌ಡ್ರೈವ್, ಅದರಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು. ಡಿಸ್ಕ್‌ಗೆ ಏನನ್ನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ಇದನ್ನು ಲೈವ್ ವ್ಯವಸ್ಥೆ ಎನ್ನುತ್ತಾರೆ. ಸ್ನೇಹಿತರ ಕಂಪ್ಯೂಟರ್‌ನಲ್ಲಿ ರೂಫಸ್ ಅಥವಾ ವೆಂಟಾಯ್ ತಂತ್ರಾಂಶದಿಂದ ತಯಾರಿಸಿಕೊಳ್ಳಿ. ಮಿಂಟ್ ಆದರೆ ಒಳ್ಳೆಯದು. ಮುಂದೆ ಬೇಕಾಗುವ ಬೂಟ್ ರಿಪೇರ್ ಎಂಬ ಉಪಕರಣ ಅದರಲ್ಲಿ ಮೊದಲೇ ಇರುತ್ತದೆ. ವಿಂಡೋಸ್ ಭಾಗವೇ ಕೆಟ್ಟಿದ್ದರೆ ವಿಂಡೋಸ್ ಅನುಸ್ಥಾಪನೆಯ ಪೆನ್‌ಡ್ರೈವ್ ಕೂಡ ಬೇಕು. ಕಡತಗಳನ್ನು ನಕಲು ಮಾಡಿಕೊಳ್ಳಲು ಹೊರಗಿನ ಹಾರ್ಡ್ ಡಿಸ್ಕ್ ಇರಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಿಟ್‌ಲಾಕರ್ ಕೀಲಿ. ಬಿಟ್‌ಲಾಕರ್ ಎಂದರೆ ಕೀಲಿ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಗೂಢಲಿಪೀಕರಿಸುವ ವಿಂಡೋಸ್ ವ್ಯವಸ್ಥೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ಡಿಸ್ಕನ್ನು ತಾನಾಗಿಯೇ ಗೂಢಲಿಪೀಕರಿಸಿರುವ ಸಾಧ್ಯತೆ ಹೆಚ್ಚು. ಮಾಲೀಕರಿಗೆ ಅದು ಗೊತ್ತೂ ಇರುವುದಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಪರಿಶೀಲಿಸಿಯೇ ಬೂಟ್‌ಲೋಡರ್‌ಗೆ ಅವಕಾಶ ಕೊಡುವ ಭದ್ರತಾ ಕ್ರಮ) ಬದಲಿಸಿದರೆ ಅಥವಾ ಬೂಟ್ ಕ್ರಮ ಬದಲಾದರೆ ವಿಂಡೋಸ್ 48 ಅಂಕಿಗಳ ಮರುಪಡೆಯುವ ಕೀಲಿ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿ ಇರುತ್ತದೆ. ಬೇರೆ ಮೊಬೈಲ್‌ನಿಂದ ಖಾತೆಗೆ ಲಾಗಿನ್ ಆಗಿ ಕೀಲಿಯನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ. ಕೀಲಿ ಇಲ್ಲದಿದ್ದರೆ ಆ ಕಡತಗಳನ್ನು ಯಾವ ಅಂಗಡಿಯವರೂ ತೆರೆದುಕೊಡಲಾರರು.

ವಿದ್ಯುತ್ತಿನ ವ್ಯವಸ್ಥೆಯೂ ಗಟ್ಟಿ ಇರಲಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಸಂಜೆ ಡೆಸ್ಕ್‌ಟಾಪ್ ಮುಂದೆ ಕುಳಿತು ಪಾರ್ಟಿಶನ್ ಬದಲಿಸಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ ಚಿಕ್ಕ ತೊಂದರೆ ದೊಡ್ಡದಾಗುತ್ತದೆ. ಯುಪಿಎಸ್ ಇಲ್ಲದಿದ್ದರೆ ಕೆಲಸವನ್ನು ಮುಂದೂಡಿ.

ಆದೇಶಗಳ ಬಗ್ಗೆ ಒಂದು ಸೂಚನೆ. ಕೆಳಗೆ ಅವುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ಖಾಲಿ ಜಾಗ, ಓರೆ ಗೆರೆ, ಅಡ್ಡ ಗೆರೆಗಳನ್ನು ಕಂಡಂತೆಯೇ ಹಾಕಿ.

ಹಂತ 1: ಪರದೆಯ ಮೇಲಿನ ಸಂದೇಶ ಓದಿ, ಫೋಟೊ ತೆಗೆಯಿರಿ

ಯಂತ್ರ ಎಲ್ಲಿ ನಿಂತಿದೆ ಎಂಬುದು ಆ ಒಂದೆರಡು ಸಾಲುಗಳಲ್ಲೇ ಇರುತ್ತದೆ. ಬಹಳ ಮಂದಿ ಅದನ್ನು ಓದದೆಯೇ ಮತ್ತೆ ಮತ್ತೆ ಪವರ್ ಗುಂಡಿ ಒತ್ತುತ್ತಾರೆ.

'ನೋ ಬೂಟಬಲ್ ಡಿವೈಸ್' ಅಥವಾ 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಎಂದಿದ್ದರೆ ಬಯಾಸ್‌ಗೆ ಬೂಟ್‌ಲೋಡರ್ ಸಿಕ್ಕಿಲ್ಲ, ಇಲ್ಲವೇ ಡಿಸ್ಕೇ ಕಂಡಿಲ್ಲ. ಹಂತ 2ಕ್ಕೆ ಹೋಗಿ.

ಯಾವ ಆಯ್ಕೆಯೂ ಬಾರದೆ ನೇರ ವಿಂಡೋಸ್ ತೆರೆದರೆ ಬೂಟ್ ಕ್ರಮ ಬದಲಾಗಿದೆ. ಅದೂ ಹಂತ 2.

'ಗ್ರಬ್ ರೆಸ್ಕ್ಯೂ' ಎಂದಿದ್ದರೆ ಗ್ರಬ್‌ನ ಮೊದಲ ತುಣುಕು ಎದ್ದಿದೆ, ಉಳಿದ ಭಾಗ ಇರುವ ಪಾರ್ಟಿಶನ್ ಅದಕ್ಕೆ ಸಿಗುತ್ತಿಲ್ಲ. ಹಂತ 4.

ಗ್ರಬ್ ಪಟ್ಟಿ ಬಂದು, ವಿಂಡೋಸ್ ಆರಿಸಿದಾಗ ನೀಲಿ ಪರದೆ ಬಂದರೆ ತೊಂದರೆ ವಿಂಡೋಸ್‌ನದು. ಹಂತ 7. ಲಿನಕ್ಸ್ ಆರಿಸಿದಾಗ 'ಎಮರ್ಜೆನ್ಸಿ ಮೋಡ್' ಅಥವಾ 'ಇನಿಟ್‌ರಾಮ್‌ಎಫ್‌ಎಸ್' ಎಂದು ಬಂದರೆ ಗ್ರಬ್ ಸರಿಯಾಗಿದೆ. ಅದನ್ನು ಮುಟ್ಟಲೇಬೇಡಿ, ಹಂತ 8ಕ್ಕೆ ಹೋಗಿ.

ಹಂತ 2: ಬಯಾಸ್ ಒಳಗೆ ನಾಲ್ಕು ಸಂಗತಿ ಪರಿಶೀಲಿಸಿ

ಯಂತ್ರ ಶುರುವಾಗುತ್ತಿದ್ದಂತೆ ಡೆಲ್, ಲೆನೊವೊ, ಏಸರ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿ. ಮಾದರಿಯಿಂದ ಮಾದರಿಗೆ ಇದು ಬದಲಾಗುವುದುಂಟು. ಶುರುವಿನ ಪರದೆಯ ಅಂಚಿನಲ್ಲಿ ಬರೆದಿರುತ್ತದೆ.

ಮೊದಲನೆಯದು, ಡಿಸ್ಕ್ ಹೆಸರು ಕಾಣುತ್ತಿದೆಯೇ? ಕಾಣದಿದ್ದರೆ ಯಾವ ತಂತ್ರಾಂಶ ದುರಸ್ತಿಯೂ ನಡೆಯದು. ಡೆಸ್ಕ್‌ಟಾಪ್ ಆದರೆ ವಿದ್ಯುತ್ ಸಂಪರ್ಕ ತೆಗೆದು ಡಿಸ್ಕ್‌ನ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಸರಿಯಾಗಿ ಚುಚ್ಚಿ. ಲ್ಯಾಪ್‌ಟಾಪ್ ಆದರೆ ತಂತ್ರಜ್ಞರಿಗೆ ತೋರಿಸಿ.

ಎರಡನೆಯದು, ದಿನಾಂಕ ಮತ್ತು ಸಮಯ. ವರ್ಷಗಟ್ಟಲೆ ಹಿಂದಿನ ದಿನಾಂಕ ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032. ಇದು ಮುಗಿದರೆ ಕರೆಂಟ್ ಹೋದಾಗಲೆಲ್ಲ ಬಯಾಸ್ ಆಯ್ಕೆಗಳು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. 'ಬೆಳಿಗ್ಗೆ ಸರಿ ಮಾಡಿದ್ದು ಸಂಜೆ ಮತ್ತೆ ಕೆಟ್ಟಿತು' ಎನ್ನುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಗ್ಗದ ಬ್ಯಾಟರಿ ಬದಲಿಸಿ ನೋಡದೆ ಫಾರ್ಮ್ಯಾಟ್‌ಗೆ ಹಣ ಕೊಡುವುದು ಅನ್ಯಾಯ.

ಮೂರನೆಯದು, ಬೂಟ್ ಮಾದರಿ. ಯುಇಎಫ್‌ಐ ಅಥವಾ ಲೆಗಸಿ (ಹಳೆಯ ಬಯಾಸ್ ಪದ್ಧತಿ) ಎಂದು ಇರುತ್ತದೆ. ಎರಡೂ ವ್ಯವಸ್ಥೆಗಳನ್ನು ಯಾವ ಮಾದರಿಯಲ್ಲಿ ಹಾಕಿದ್ದಿರೋ ಅದೇ ಇರಬೇಕು. ಜೊತೆಗೆ ಡಿಸ್ಕ್ ಜೊತೆ ಯಂತ್ರ ಮಾತಾಡುವ ರೀತಿಯನ್ನು ನಿರ್ಧರಿಸುವ ಸಾಟಾ ಮಾದರಿ ಎಂಬ ಆಯ್ಕೆಯಲ್ಲಿ ಎಎಚ್‌ಸಿಐ ಅಥವಾ ಆರ್‌ಎಸ್‌ಟಿ ಎಂದು ಏನಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ಬೂಟ್ ಕ್ರಮ. ಪಟ್ಟಿಯಲ್ಲಿ 'ಉಬುಂಟು' ಮತ್ತು 'ವಿಂಡೋಸ್ ಬೂಟ್ ಮ್ಯಾನೇಜರ್' ಎರಡೂ ಇದ್ದು ವಿಂಡೋಸ್ ಮೇಲಿದ್ದರೆ, ಉಬುಂಟುವನ್ನು ಮೇಲಕ್ಕೆ ತಂದು ಉಳಿಸಿ ಹೊರಬನ್ನಿ. ಮಿಂಟ್ ಹಾಕಿದ್ದರೂ ಇಲ್ಲಿ ಉಬುಂಟು ಎಂದೇ ಕಾಣುವುದು ಸಾಮಾನ್ಯ. ಅಪ್‌ಡೇಟ್ ನಂತರ ಗ್ರಬ್ ಕಾಣದಾದವರಲ್ಲಿ ಅನೇಕರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಎಸ್‌ಎಸ್‌ಡಿ ಹಾಕಿಸಿದವರಿಗೆ ವಿಶೇಷ ಎಚ್ಚರಿಕೆ. ಹಳೆಯ ಹಾರ್ಡ್ ಡಿಸ್ಕ್ ಒಳಗಿದ್ದಾಗಲೇ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ, ಬೂಟ್ ಕಡತಗಳು ಹಳೆಯ ಡಿಸ್ಕ್‌ನ ಇಎಫ್‌ಐ ಪಾರ್ಟಿಶನ್‌ನಲ್ಲೇ ಹೋಗಿ ಕೂರಬಹುದು. ತಿಂಗಳುಗಳ ನಂತರ 'ಹಳೆಯದು ಬೇಡ' ಎಂದು ಅದನ್ನು ತೆಗೆದಾಗ, ಏನೂ ಕೆಡದ ಎಸ್‌ಎಸ್‌ಡಿ ಬೂಟ್ ಆಗುವುದಿಲ್ಲ. ಹಳೆಯ ಡಿಸ್ಕನ್ನು ವಾಪಸ್ ಹಾಕಿ ನೋಡಿ. ಎದ್ದರೆ ಕಾರಣ ಖಚಿತವಾಯಿತು. ಎಸ್‌ಎಸ್‌ಡಿಯಲ್ಲೇ ಇಎಫ್‌ಐ ಪಾರ್ಟಿಶನ್ ಮಾಡಿ ಹಂತ 7ರ ವಿಧಾನದಿಂದ ಬೂಟ್ ಕಡತಗಳನ್ನು ಅಲ್ಲಿಗೆ ಬರೆಯಬೇಕು.

ಹಂತ 3: ಲೈವ್ ಪೆನ್‌ಡ್ರೈವ್‌ನಿಂದ ಒಳಗೆ ಹೋಗಿ, ಕಡತಗಳನ್ನು ಕಾಪಾಡಿಕೊಳ್ಳಿ

ಪೆನ್‌ಡ್ರೈವ್ ಹಾಕಿ ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊ, ಏಸರ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಒಂದೇ ಪೆನ್‌ಡ್ರೈವ್ ಎರಡು ಬಾರಿ ಕಂಡರೆ, ನಿಮ್ಮ ಯಂತ್ರ ಯುಇಎಫ್‌ಐ ಮಾದರಿಯದಾಗಿದ್ದಾಗ 'ಯುಇಎಫ್‌ಐ' ಎಂದು ಮೊದಲಿಗೆ ಬರೆದಿರುವುದನ್ನೇ ಆರಿಸಿ. ಇಲ್ಲಿ ತಪ್ಪುವವರು ಬಹಳ. ಲೆಗಸಿ ಮಾದರಿಯಲ್ಲಿ ಒಳಹೊಕ್ಕು ಗ್ರಬ್ ಹಾಕಿದರೆ ಅದು ಹಳೆಯ ಪದ್ಧತಿಯ ಗ್ರಬ್ ಆಗುತ್ತದೆ, ಯುಇಎಫ್‌ಐ ಅದನ್ನು ನೋಡುವುದೇ ಇಲ್ಲ.

ಮಿಂಟ್ ತೆರೆದ ಮೇಲೆ ಮಾಡಬೇಕಾದ ಮೊದಲ ಕೆಲಸ ದುರಸ್ತಿ ಅಲ್ಲ, ನಕಲು. ಫೈಲ್ ಮ್ಯಾನೇಜರ್‌ನಲ್ಲಿ ಪಾರ್ಟಿಶನ್‌ಗಳು ಎಡಬದಿಗೆ ಕಾಣುತ್ತವೆ. ಪ್ರಾಜೆಕ್ಟ್ ವರದಿ, ಫೋಟೊ, ಟ್ಯಾಲಿ ದತ್ತಾಂಶ, ಅಂಗಡಿಯ ಬಿಲ್‌ಗಳು, ಯಾವುದನ್ನು ಕಳೆದುಕೊಂಡರೆ ನಿದ್ದೆ ಬರುವುದಿಲ್ಲವೋ ಅದನ್ನೆಲ್ಲ ಹೊರಗಿನ ಡಿಸ್ಕ್‌ಗೆ ತೆಗೆದುಕೊಳ್ಳಿ. ಬಿಟ್‌ಲಾಕರ್ ಇರುವ ಪಾಲು ಪಾಸ್‌ವರ್ಡ್ ಅಥವಾ ಕೀಲಿ ಕೇಳುತ್ತದೆ.

ನಂತರ 'ಡಿಸ್ಕ್ಸ್' ಎಂಬ ಉಪಕರಣ ತೆರೆದು ಡಿಸ್ಕ್‌ನ ಸ್ಮಾರ್ಟ್ ವರದಿ ನೋಡಿ. ಸ್ಮಾರ್ಟ್ ಎಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆ. ಹಾರ್ಡ್ ಡಿಸ್ಕ್‌ನಲ್ಲಿ 'ರಿಅಲೊಕೇಟೆಡ್' ಅಥವಾ 'ಪೆಂಡಿಂಗ್' ಸೆಕ್ಟರ್‌ಗಳ ಸಂಖ್ಯೆ ಬೆಳೆಯುತ್ತಿದ್ದರೆ, ಅಥವಾ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ, ಅದು ಸಾಯುತ್ತಿದೆ. ಅಲ್ಲಿಗೆ ನಿಲ್ಲಿಸಿ. ಸಿಕ್ಕಷ್ಟು ಕಡತ ತೆಗೆದುಕೊಂಡು ಡಿಸ್ಕ್ ಬದಲಿಸಿ. ಅಂಥ ಡಿಸ್ಕ್ ಮೇಲೆ ದುರಸ್ತಿ ಉಪಕರಣಗಳನ್ನು ಓಡಿಸಿದಷ್ಟೂ ಉಳಿದದ್ದೂ ಹೋಗುತ್ತದೆ.

ಡಿಸ್ಕ್ ಚೆನ್ನಾಗಿದ್ದರೆ ಪಾರ್ಟಿಶನ್‌ಗಳ ನಕ್ಷೆ ಬರೆದುಕೊಳ್ಳಿ. ಜಿಪಾರ್ಟೆಡ್ ತೆರೆದರೆ ಎಲ್ಲವೂ ಒಂದೇ ಪರದೆಯಲ್ಲಿ ಕಾಣುತ್ತವೆ. ಫ್ಯಾಟ್32 ಇರುವ ಚಿಕ್ಕದು ಇಎಫ್‌ಐ. ಎನ್‌ಟಿಎಫ್‌ಎಸ್ ಇರುವ ದೊಡ್ಡವು ವಿಂಡೋಸ್‌ನವು. ಇಎಕ್ಸ್‌ಟಿ4 ಇರುವುದು ಲಿನಕ್ಸ್. ಹೆಸರುಗಳು ಎಸ್‌ಡಿಎ1, ಎಸ್‌ಡಿಎ5 ಎಂಬಂತೆ ಇರುತ್ತವೆ. ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಆದರೆ ಎನ್‌ವಿಎಂಇ0ಎನ್1ಪಿ5 ಎಂಬಂತೆ ಉದ್ದವಾಗಿರುತ್ತವೆ. ಮುಂದಿನ ಉದಾಹರಣೆಗಳಲ್ಲಿ ಇಎಫ್‌ಐ ಎಸ್‌ಡಿಎ1 ಎಂದೂ ಲಿನಕ್ಸ್ ಎಸ್‌ಡಿಎ5 ಎಂದೂ ಇಟ್ಟುಕೊಂಡಿದ್ದೇನೆ. ನಿಮ್ಮ ನಕ್ಷೆಯಲ್ಲಿ ಇರುವ ಸಂಖ್ಯೆಯನ್ನೇ ಹಾಕಬೇಕು.

ಹಂತ 4: 'ಗ್ರಬ್ ರೆಸ್ಕ್ಯೂ' ಪರದೆಯಿಂದ ಹೊರಬರುವುದು

ಇದಕ್ಕೆ ಅತಿ ಸಾಮಾನ್ಯ ಕಾರಣ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್. ಲಿನಕ್ಸ್ ಪಾರ್ಟಿಶನ್ ಅಲ್ಲಿ ಹೆಸರಿಲ್ಲದೆ ಕಾಣುತ್ತದೆ. 'ಖಾಲಿ ಜಾಗ ಇದೆ' ಎಂದು ತಿಳಿದು ಅಳಿಸಿದವರಿದ್ದಾರೆ. ಅಳಿಸದಿದ್ದರೂ ಬೇರೊಂದು ಪಾಲನ್ನು ಕೂಡಿಸಿ, ಒಡೆದು ಮಾಡಿದಾಗ ಪಾರ್ಟಿಶನ್ ಸಂಖ್ಯೆ ಬದಲಾಗಿ ಗ್ರಬ್ ದಿಕ್ಕು ತಪ್ಪುತ್ತದೆ.

ಪೆನ್‌ಡ್ರೈವ್ ಇಲ್ಲದೆಯೂ ಇಲ್ಲಿಂದ ಹೊರಬರಬಹುದು. 'ಎಲ್‌ಎಸ್' ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಚ್‌ಡಿ0, ಜಿಪಿಟಿ5 ಎಂಬಂಥ ಜೋಡಿಗಳು ಆವರಣದೊಳಗೆ ಕಾಣುತ್ತವೆ. ಹಳೆಯ ಎಂಬಿಆರ್ ಡಿಸ್ಕ್ ಆದರೆ ಜಿಪಿಟಿ ಬದಲು ಎಂಎಸ್‌ಡಾಸ್ ಎಂದಿರುತ್ತದೆ. ಒಂದೊಂದನ್ನೇ ಪರೀಕ್ಷಿಸಿ:

ಎಲ್‌ಎಸ್ (ಎಚ್‌ಡಿ0,ಜಿಪಿಟಿ5)/

'ಅನ್‌ನೋನ್ ಫೈಲ್‌ಸಿಸ್ಟಮ್' ಎಂದರೆ ಮುಂದಿನದಕ್ಕೆ ಹೋಗಿ. ಬೂಟ್, ಹೋಮ್, ಯುಎಸ್‌ಆರ್ ಎಂಬ ಫೋಲ್ಡರ್ ಹೆಸರುಗಳು ಕಂಡರೆ ಅದೇ ಲಿನಕ್ಸ್. ಆಗ ಈ ನಾಲ್ಕು ಸಾಲುಗಳನ್ನು ಒಂದೊಂದಾಗಿ ಕೊಡಿ:

ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ5)/ಬೂಟ್/ಗ್ರಬ್
ಸೆಟ್ ರೂಟ್=(ಎಚ್‌ಡಿ0,ಜಿಪಿಟಿ5)
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಎಂದಿನ ಗ್ರಬ್ ಪಟ್ಟಿ ಬರುತ್ತದೆ. ಆದರೆ ಇದು ತಾತ್ಕಾಲಿಕ. ಯಂತ್ರ ಮುಚ್ಚಿ ತೆರೆದರೆ ಮತ್ತೆ ಅದೇ ಪರದೆ. ಲಿನಕ್ಸ್ ಒಳಗೆ ಹೋದ ಕೂಡಲೇ ಹಂತ 5ರ ಕೊನೆಯ ಎರಡು ಆದೇಶ ಕೊಟ್ಟು ಶಾಶ್ವತ ಮಾಡಿ.

ಎಲ್ಲಾ ಜೋಡಿಗಳನ್ನು ನೋಡಿದರೂ ಲಿನಕ್ಸ್ ಸಿಗದಿದ್ದರೆ ಪಾರ್ಟಿಶನ್ ಅಳಿಸಿರಬಹುದು. ಗಾಬರಿಯಿಂದ ಆ ಜಾಗದಲ್ಲಿ ಹೊಸ ಪಾರ್ಟಿಶನ್ ಮಾಡಬೇಡಿ, ಏನನ್ನೂ ನಕಲು ಮಾಡಬೇಡಿ. ಲೈವ್ ವ್ಯವಸ್ಥೆಯಲ್ಲಿ ಟೆಸ್ಟ್‌ಡಿಸ್ಕ್ ಎಂಬ ಉಚಿತ ಉಪಕರಣ ಹಾಕಿಕೊಂಡು ಹುಡುಕಿಸಿ. ಮೇಲೆ ಹೊಸದೇನೂ ಬರೆಯದಿದ್ದರೆ ಅಳಿಸಿದ ಪಾರ್ಟಿಶನ್ ಇದ್ದಂತೆಯೇ ಮರಳುವ ಸಾಧ್ಯತೆ ಚೆನ್ನಾಗಿದೆ.

ಹಂತ 5: ಗ್ರಬ್ ಮರುಸ್ಥಾಪನೆ

ಸುಲಭದ ದಾರಿ ಬೂಟ್ ರಿಪೇರ್. ಮಿಂಟ್ ಲೈವ್ ವ್ಯವಸ್ಥೆಯನ್ನು ಇಂಟರ್ನೆಟ್‌ಗೆ ಜೋಡಿಸಿ, ಮೆನುವಿನ ಅಡ್ಮಿನಿಸ್ಟ್ರೇಶನ್ ಭಾಗದಲ್ಲಿ ಅದನ್ನು ತೆರೆಯಿರಿ. ಡಿಸ್ಕ್ ಪರೀಕ್ಷಿಸಿದ ಮೇಲೆ 'ಶಿಫಾರಸು ಮಾಡಿದ ದುರಸ್ತಿ' ಎಂಬರ್ಥದ ದೊಡ್ಡ ಗುಂಡಿ ಬರುತ್ತದೆ. ಬಹುತೇಕ ಪ್ರಕರಣಗಳಿಗೆ ಅದು ಸಾಕು. ಮುಂದುವರಿದ ಆಯ್ಕೆಗಳಲ್ಲಿ ಅರ್ಥವಾಗದ ಯಾವುದಕ್ಕೂ ಗುರುತು ಹಾಕಬೇಡಿ. ವಿಶೇಷವಾಗಿ ವಿಂಡೋಸ್‌ನ ಇಎಫ್‌ಐ ಕಡತಗಳ ಹೆಸರು ಬದಲಿಸುವ ಆಯ್ಕೆಯನ್ನು ಮುಟ್ಟಬೇಡಿ.

ಅದು ಸೋತರೆ ಲೈವ್ ವ್ಯವಸ್ಥೆಯಲ್ಲಿ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಕೈಯಿಂದಲೇ ಮಾಡೋಣ. ನನಗೆ ಈ ದಾರಿಯೇ ಹೆಚ್ಚು ಇಷ್ಟ, ಏಕೆಂದರೆ ಪ್ರತಿ ಸಾಲೂ ಏನು ಮಾಡುತ್ತಿದೆ ಎಂದು ನಿಮಗೆ ಗೊತ್ತಿರುತ್ತದೆ. ಉಬುಂಟು ಮತ್ತು ಮಿಂಟ್‌ಗೆ ಇದು ಹೊಂದುತ್ತದೆ. ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸ್‌ನ ವಿಧಾನ ಬೇರೆ. ಮೊದಲ ಎರಡು ಸಾಲುಗಳು ಡಿಸ್ಕ್‌ನ ಲಿನಕ್ಸನ್ನೂ ಇಎಫ್‌ಐ ಪಾಲನ್ನೂ ಜೋಡಿಸುತ್ತವೆ. ಎಂಎನ್‌ಟಿ, ಡಿಇವಿ, ಪಿಆರ್‌ಒಸಿ, ಎಸ್‌ವೈಎಸ್ ಎಂಬವನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿ.

ಸುಡೊ ಮೌಂಟ್ /ಡಿಇವಿ/ಎಸ್‌ಡಿಎ5 /ಎಂಎನ್‌ಟಿ
ಸುಡೊ ಮೌಂಟ್ /ಡಿಇವಿ/ಎಸ್‌ಡಿಎ1 /ಎಂಎನ್‌ಟಿ/ಬೂಟ್/ಇಎಫ್‌ಐ

ಮುಂದಿನ ಮೂರು, ನಡೆಯುತ್ತಿರುವ ವ್ಯವಸ್ಥೆಯ ಯಂತ್ರಾಂಶ ಮಾಹಿತಿಯನ್ನು ಒಳಗೆ ಕಾಣುವಂತೆ ಮಾಡುತ್ತವೆ:

ಸುಡೊ ಮೌಂಟ್ --ಆರ್‌ಬೈಂಡ್ /ಡಿಇವಿ /ಎಂಎನ್‌ಟಿ/ಡಿಇವಿ
ಸುಡೊ ಮೌಂಟ್ --ಆರ್‌ಬೈಂಡ್ /ಪಿಆರ್‌ಒಸಿ /ಎಂಎನ್‌ಟಿ/ಪಿಆರ್‌ಒಸಿ
ಸುಡೊ ಮೌಂಟ್ --ಆರ್‌ಬೈಂಡ್ /ಎಸ್‌ವೈಎಸ್ /ಎಂಎನ್‌ಟಿ/ಎಸ್‌ವೈಎಸ್

ಆಮೇಲೆ 'ಸುಡೊ ಸಿಎಚ್‌ರೂಟ್ /ಎಂಎನ್‌ಟಿ' ಎಂದರೆ ನೀವು ಡಿಸ್ಕ್‌ನ ಲಿನಕ್ಸ್ ಒಳಗೆ ಕುಳಿತಂತೆ. ಕೊನೆಯ ಎರಡು:

ಗ್ರಬ್-ಇನ್‌ಸ್ಟಾಲ್
ಅಪ್‌ಡೇಟ್-ಗ್ರಬ್

ಹಂತ 4ರಿಂದ ನೇರವಾಗಿ ಲಿನಕ್ಸ್ ಒಳಗೆ ಬಂದವರು ಈ ಎರಡರ ಮುಂದೆಯೂ 'ಸುಡೊ' ಸೇರಿಸಬೇಕು. 'ನೋ ಎರರ್ ರಿಪೋರ್ಟೆಡ್' ಎಂದು ಬಂದರೆ ಗ್ರಬ್ ಕುಳಿತಿದೆ.

ಲೆಗಸಿ ಮಾದರಿಯ ಯಂತ್ರ ಆದರೆ ಇಎಫ್‌ಐ ಸಾಲು ಬಿಟ್ಟು, 'ಗ್ರಬ್-ಇನ್‌ಸ್ಟಾಲ್ /ಡಿಇವಿ/ಎಸ್‌ಡಿಎ' ಎನ್ನಬೇಕು. ಇಲ್ಲಿ ಬರೆಯಬೇಕಾದದ್ದು ಇಡೀ ಡಿಸ್ಕ್‌ನ ಹೆಸರು. ಕೊನೆಗೆ 5 ಎಂದು ಪಾರ್ಟಿಶನ್ ಸಂಖ್ಯೆ ಸೇರಿಸಿದರೆ ಗ್ರಬ್ ತಪ್ಪು ಜಾಗಕ್ಕೆ ಹೋಗುತ್ತದೆ.

'ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್' ಎಂಬ ಸಂದೇಶ ಬಂದು ಯಂತ್ರ ತಾನಾಗಿ ಆರಿಹೋಗುತ್ತಿದ್ದರೆ ಕಾರಣ ಬೇರೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್‌ಲೋಡರ್‌ಗಳನ್ನು ಸೆಕ್ಯೂರ್ ಬೂಟ್ ತಿರಸ್ಕರಿಸುವಂತೆ ಮಾಡಿತ್ತು. ಬಿಟ್‌ಲಾಕರ್ ಕೀಲಿ ಕೈಯಲ್ಲಿಟ್ಟುಕೊಂಡು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್ ತೆರೆದು ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಪೆನ್‌ಡ್ರೈವ್‌ನಲ್ಲಿರುವ ಹಳೆಯ ಆವೃತ್ತಿಯ ಲಿನಕ್ಸ್‌ಗೂ ಇದೇ ತಡೆ ಬರಬಹುದು. ಹೊಸ ಆವೃತ್ತಿ ಇಳಿಸಿಕೊಳ್ಳಿ.

ಹಂತ 6: ಗ್ರಬ್ ಬಂತು, ಪಟ್ಟಿಯಲ್ಲಿ ವಿಂಡೋಸ್ ಇಲ್ಲ

ಇದಕ್ಕೆ ವಿಂಡೋಸನ್ನು ಮತ್ತೆ ಹಾಕಬೇಕಾಗಿಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಭಾಗ ತಾನಾಗಿ ಕೆಲಸ ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಇಟಿಸಿ ಫೋಲ್ಡರ್‌ನ ಒಳಗೆ ಡೀಫಾಲ್ಟ್, ಅದರೊಳಗೆ ಗ್ರಬ್ ಎಂಬ ಕಡತ ಇರುತ್ತದೆ. ಅಲ್ಲಿ 'ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್' ಎಂಬ ಸಾಲು ಸೇರಿಸಿ. ಸಾಲು ಮೊದಲೇ ಇದ್ದರೆ ಮುಂದಿರುವ ಹ್ಯಾಶ್ ಗುರುತು ತೆಗೆಯಿರಿ. ಈ ಸಾಲಿನಲ್ಲಿ 'ಫಾಲ್ಸ್' ಮಾತ್ರ ಸಣ್ಣಕ್ಷರ, ಉಳಿದದ್ದು ದೊಡ್ಡಕ್ಷರ. ಉಳಿಸಿ 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ.

ಒಂದು ವ್ಯವಸ್ಥೆ ಯುಇಎಫ್‌ಐ, ಇನ್ನೊಂದು ಲೆಗಸಿ ಮಾದರಿಯಲ್ಲಿದ್ದರೆ ಮಾತ್ರ ಇದು ಫಲಿಸದು. ಅಂಥಲ್ಲಿ ಬಯಾಸ್‌ನ ಬೂಟ್ ಮೆನುವಿನಿಂದಲೇ ಆರಿಸಿಕೊಳ್ಳುವುದು ಸದ್ಯಕ್ಕೆ ಸುರಕ್ಷಿತ.

ಹಂತ 7: ವಿಂಡೋಸ್ ಎದ್ದೇಳದಿದ್ದಾಗ

ಮೊದಲು ಹಂತ 2ರಲ್ಲಿ ಬರೆದಿಟ್ಟ ಸಾಟಾ ಮಾದರಿ ನೋಡಿ. ಲಿನಕ್ಸ್ ಹಾಕುವಾಗ ಡಿಸ್ಕ್ ಕಾಣಲಿಲ್ಲವೆಂದು ಆರ್‌ಎಸ್‌ಟಿಯಿಂದ ಎಎಚ್‌ಸಿಐಗೆ ಬದಲಿಸಿದ್ದರೆ, ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ ತೋರಿಸುತ್ತದೆ. ಮೊದಲಿದ್ದ ಮಾದರಿಗೆ ಮರಳಿಸಿದರೆ ವಿಂಡೋಸ್ ಏಳುತ್ತದೆ. ಆಗ ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಭಾಗದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ. ಮರುಪ್ರಾರಂಭಿಸುವಾಗ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಸುರಕ್ಷಿತ ಸ್ಥಿತಿಯಲ್ಲಿ ವಿಂಡೋಸ್ ತೆರೆದ ಮೇಲೆ ಗುರುತು ತೆಗೆಯಿರಿ.

ಬೂಟ್ ಕಡತಗಳೇ ಇಲ್ಲ ಎಂದು ದೂರಿದರೆ, ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. 'ಇನ್‌ಸ್ಟಾಲ್' ಒತ್ತಬೇಡಿ. 'ರಿಪೇರ್ ಯುವರ್ ಕಂಪ್ಯೂಟರ್' ಕೊಂಡಿ ಹಿಡಿದು ಟ್ರಬಲ್‌ಶೂಟ್‌ಗೆ ಹೋಗಿ, ಮೊದಲು ಸ್ಟಾರ್ಟ್‌ಅಪ್ ರಿಪೇರ್ ಓಡಿಸಿ. ಅದು ಕೈಚೆಲ್ಲಿದರೆ ಕಮಾಂಡ್ ಪ್ರಾಂಪ್ಟ್ ತೆರೆದು 'ಡಿಸ್ಕ್‌ಪಾರ್ಟ್', ನಂತರ 'ಲಿಸ್ಟ್ ವಾಲ್ಯೂಮ್' ಕೊಡಿ. ಫ್ಯಾಟ್32 ಇರುವ ಚಿಕ್ಕ ಪಾಲಿನ ಸಂಖ್ಯೆ 3 ಎಂದಿದ್ದರೆ:

ಸೆಲೆಕ್ಟ್ ವಾಲ್ಯೂಮ್ 3
ಅಸೈನ್ ಲೆಟರ್=ಎಸ್
ಎಕ್ಸಿಟ್
ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ

ಪೆನ್‌ಡ್ರೈವ್ ಕೂಡ ಫ್ಯಾಟ್32 ಎಂದೇ ಕಾಣುತ್ತದೆ. ಗಾತ್ರ ನೋಡಿ, ಅದನ್ನು ಇಎಫ್‌ಐ ಎಂದು ತಪ್ಪಾಗಿ ಹಿಡಿಯಬೇಡಿ. ಈ ದುರಸ್ತಿ ಪರಿಸರದಲ್ಲಿ ವಿಂಡೋಸ್ ಇರುವ ಪಾಲು ಸಿ ಆಗಿರದೆ ಡಿ ಅಥವಾ ಇ ಆಗಿರಬಹುದು; 'ಡಿಐಆರ್ ಸಿ:' ಎಂದು ಕೊಟ್ಟು ವಿಂಡೋಸ್ ಫೋಲ್ಡರ್ ಕಂಡ ಮೇಲೆಯೇ ಕೊನೆಯ ಸಾಲು ಓಡಿಸಿ. ಕೆಲಸವಾದ ಮೇಲೆ ವಿಂಡೋಸ್ ಬೂಟ್ ಕ್ರಮದಲ್ಲಿ ಮೇಲಕ್ಕೆ ಬಂದಿರುತ್ತದೆ, ಹಂತ 2ರಂತೆ ಉಬುಂಟುವನ್ನು ಮತ್ತೆ ಮೇಲೆ ತನ್ನಿ.

ಲೆಗಸಿ ಯಂತ್ರದಲ್ಲಿ ಹಲವರು ಸೂಚಿಸುವ 'ಬೂಟ್‌ರೆಕ್ /ಫಿಕ್ಸ್‌ಎಂಬಿಆರ್' ಗ್ರಬ್ ಮೇಲೆಯೇ ಬರೆಯುತ್ತದೆ. ವಿಂಡೋಸ್ ಏಳುತ್ತದೆ, ಗ್ರಬ್ ಹೋಗುತ್ತದೆ. ಆಮೇಲೆ ಹಂತ 5 ಮಾಡಲೇಬೇಕು.

ಹಂತ 8: ಲಿನಕ್ಸ್ ಅರ್ಧದಲ್ಲಿ ನಿಂತಾಗ

ಹಲವು ಪಾರ್ಟಿಶನ್ ಇರುವ ಯಂತ್ರಗಳಲ್ಲಿ ಇದು ಪದೇ ಪದೇ ಕಾಣುವ ದೋಷ. ಇಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ, ಶುರುವಾಗುವಾಗ ಜೋಡಿಸಬೇಕಾದ ಪಾರ್ಟಿಶನ್‌ಗಳ ಪಟ್ಟಿ ಇರುತ್ತದೆ. ಪ್ರತಿ ಪಾರ್ಟಿಶನ್‌ಗೆ ಯುಯುಐಡಿ ಎಂಬ ಉದ್ದನೆಯ ಗುರುತು ಸಂಖ್ಯೆ. ನೀವು ಡಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದ ಕೂಡಲೇ ಆ ಸಂಖ್ಯೆ ಬದಲಾಗುತ್ತದೆ. ಪಟ್ಟಿಯಲ್ಲಿ ಹಳೆಯದೇ ಇರುವುದರಿಂದ ಇಲ್ಲದ ಪಾರ್ಟಿಶನ್‌ಗಾಗಿ ಲಿನಕ್ಸ್ 90 ಸೆಕೆಂಡ್ ಕಾದು 'ಎಮರ್ಜೆನ್ಸಿ ಮೋಡ್'ಗೆ ಬೀಳುತ್ತದೆ.

ಅಲ್ಲಿ ಎಂಟರ್ ಒತ್ತಿ ಅಥವಾ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. 'ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /' ಕೊಟ್ಟು ಬರೆಯುವ ಅನುಮತಿ ಪಡೆಯಿರಿ. 'ಬಿಎಲ್‌ಕೆಐಡಿ' ಎಂಬ ಆದೇಶ ಈಗಿರುವ ಸಂಖ್ಯೆಗಳನ್ನು ತೋರಿಸುತ್ತದೆ. 'ನ್ಯಾನೊ /ಇಟಿಸಿ/ಎಫ್‌ಎಸ್‌ಟ್ಯಾಬ್' ಎಂದು ಕಡತ ತೆರೆದು ಹೋಲಿಸಿ. ಹೊಂದದ ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿದರೆ ಸದ್ಯಕ್ಕೆ ಬೂಟ್ ಆಗುತ್ತದೆ. ನಂತರ ನಿಧಾನವಾಗಿ ಹೊಸ ಸಂಖ್ಯೆ ಬರೆಯಬಹುದು. ದತ್ತಾಂಶದ ಪಾರ್ಟಿಶನ್‌ಗಳ ಸಾಲಿನಲ್ಲಿ ಆಯ್ಕೆಗಳ ಜೊತೆ 'ನೋಫೇಲ್' ಸೇರಿಸಿ. ಆಗ ಆ ಪಾಲು ಸಿಗದಿದ್ದರೂ ಲಿನಕ್ಸ್ ನಿಲ್ಲುವುದಿಲ್ಲ.

'ಇನಿಟ್‌ರಾಮ್‌ಎಫ್‌ಎಸ್' ಎಂದು ನಿಂತರೆ ಸಾಮಾನ್ಯವಾಗಿ ಕರೆಂಟ್ ಹೋಗಿ ಕಡತ ವ್ಯವಸ್ಥೆ ಕದಡಿರುತ್ತದೆ. ಹಂತ 3ರ ಸ್ಮಾರ್ಟ್ ಪರೀಕ್ಷೆಯಲ್ಲಿ ಡಿಸ್ಕ್ ಪಾಸಾಗಿದ್ದರೆ ಮಾತ್ರ 'ಎಫ್‌ಎಸ್‌ಸಿಕೆ -ವೈ /ಡಿಇವಿ/ಎಸ್‌ಡಿಎ5' ಓಡಿಸಿ, ಮುಗಿದ ಮೇಲೆ 'ಎಕ್ಸಿಟ್' ಎನ್ನಿ. ಇದನ್ನು ಎನ್‌ಟಿಎಫ್‌ಎಸ್ ಪಾಲಿನ ಮೇಲೆ ಬಳಸಬೇಡಿ. ಅದಕ್ಕೆ ವಿಂಡೋಸ್‌ನ ಚೆಕ್ ಡಿಸ್ಕ್ ಇದೆ.

ಮತ್ತೆ ಕೆಡದಂತೆ

ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಆದರೂ ವಿಂಡೋಸ್ ಅರೆನಿದ್ರೆಯಲ್ಲಿ ಡಿಸ್ಕನ್ನು ಹಿಡಿದಿಟ್ಟುಕೊಂಡಿರುತ್ತದೆ, ಆ ಪಾಲಿಗೆ ಲಿನಕ್ಸ್ ಬರೆಯಲಾಗುವುದಿಲ್ಲ. ವಿಂಡೋಸ್ ಪಾಲಿನ ಗಾತ್ರವನ್ನು ವಿಂಡೋಸ್‌ನಿಂದ, ಲಿನಕ್ಸ್ ಪಾಲಿನದನ್ನು ಲೈವ್ ವ್ಯವಸ್ಥೆಯ ಜಿಪಾರ್ಟೆಡ್‌ನಿಂದ ಬದಲಿಸಿ. 'ಬಳಸುವ ಮುನ್ನ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳಿದರೆ ರದ್ದು ಒತ್ತಿ. ಅದು ನಿಮ್ಮ ಲಿನಕ್ಸ್ ಪಾಲಿರಬಹುದು. ಎಲ್ಲವೂ ಚೆನ್ನಾಗಿರುವ ಒಂದು ದಿನ ಇಎಫ್‌ಐ ಪಾರ್ಟಿಶನ್‌ನ ಫೋಲ್ಡರ್‌ಗಳನ್ನೂ ಪಾರ್ಟಿಶನ್ ನಕ್ಷೆಯ ಫೋಟೊವನ್ನೂ ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಅಂಗಡಿಗೆ ಕೊಡಲೇಬೇಕಾದಾಗ

ಎಲ್ಲರಿಗೂ ಇದಕ್ಕೆ ಬಿಡುವು, ಧೈರ್ಯ ಇರುವುದಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಯಾಗಲಿ, ನಿಮ್ಮ ಊರಿನ ಪರಿಚಿತರಾಗಲಿ, ಯಾರ ಕೈಗೆ ಕೊಡುವುದಿದ್ದರೂ ಒಂದು ಚೀಟಿ ಬರೆದು ಯಂತ್ರದ ಜೊತೆ ಕೊಡಿ: ಇದರಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ, ಯುಇಎಫ್‌ಐ ಮಾದರಿ ಅಥವಾ ಲೆಗಸಿ, ಬಿಟ್‌ಲಾಕರ್ ಇದೆ ಅಥವಾ ಇಲ್ಲ, ಯಾವ ಪಾರ್ಟಿಶನ್ ಯಾವುದಕ್ಕೆ ಸೇರಿದ್ದು, ಪರದೆಯ ಮೇಲೆ ಬಂದ ಸಂದೇಶ ಯಾವುದು, ನನ್ನನ್ನು ಫೋನಿನಲ್ಲಿ ಕೇಳದೆ ಫಾರ್ಮ್ಯಾಟ್ ಮಾಡಬಾರದು. ಬಿಟ್‌ಲಾಕರ್ ಕೀಲಿಯನ್ನು ಮಾತ್ರ ಚೀಟಿಯಲ್ಲಿ ಬರೆಯಬೇಡಿ. ಅವರು ಕೇಳಿದಾಗ ನೀವೇ ಎದುರಿಗೆ ನಿಂತು ಟೈಪ್ ಮಾಡಿ.